ಹತ್ತೊಂಬತ್ತು ತುಂಡಿನ ಒಂದು ಪದ

ಸಂಕ್ರಾಂತಿ ಕಳೆದ ವಾರ ನಮ್ಮ ವಾರ್ಷಿಕ ಸಂಚಿಕೆಯ ಸಂಪಾದಕ ಮಂಡಲಿಯ ವಿದ್ಯಾರ್ಥಿಮಿತ್ರರಿಬ್ಬರು ನನ್ನ ಕೊಠಡಿಗೆ ಬಂದು, "ಸಾರ್, ಈ ಸಲ ತಾವು ತಪ್ಪಿಸಿಕೊಳ್ಳುವ ಹಾಗಿಲ್ಲ, ಏನಾದರೂ ಬರೆದುಕೊಡಲೇಬೇಕು. ಹಾಸ್ಯವಾಗಿದ್ದರೆ ಇನ್ನೂ ಒಳ್ಳೆಯದು" ಎಂದರು. ಇಂಗ್ಲಿಷು ಕಲಿಸಿ ಹೊಟ್ಟೆ ಹೊರೆಯುವ ನಾನು ಕನ್ನಡದಲ್ಲಿ ಬರೆಯಲು ಕುಳಿತರೆ ಅದೇ ಒಂದು ಹಾಸ್ಯವೆಂದು ಕನ್ನಡ ವಿಭಾಗದ ಸ್ನೇಹಿತರು ಹೇಳುವುದುಂಟು. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡುದಕ್ಕೆ ಕಾರಣವಿದೆ. ಈ ವರ್ಷ ತರಗತಿಯಲ್ಲಿ ನನ್ನಿಂದ ಒಂದು ತಪ್ಪು ನಡೆಯಿತು. ಅದನ್ನು ನಲವತ್ತು ಮಂದಿಯ ಎದುರಿಗೆ ಮಾಡಿದ ಮೇಲೆ, ನಾಲ್ಕು ನೂರು ಮಂದಿ ಓದುವ ಈ ಪುಟಗಳಲ್ಲಿ ಹೇಳಿಕೊಳ್ಳುವುದು ನ್ಯಾಯ.

ಪ್ರತಿ ವರ್ಷವೂ ಮೊದಲ ವರ್ಷದ ಬಿ.ಎ. ತರಗತಿಗೆ ಮೊದಲ ದಿನ ಹೋದಾಗ ನಾನು ಕರಿಹಲಗೆಯ ಮೇಲೆ ಒಂದು ಪದವನ್ನು ಬರೆಯುವ ಪದ್ಧತಿ ಇಟ್ಟುಕೊಂಡಿದ್ದೆ. ಪದದಲ್ಲಿ ೪೫ ಅಕ್ಷರಗಳು. ಹಲಗೆಯ ಈ ಕೊನೆಯಿಂದ ಆ ಕೊನೆಗೆ ಹೋಗುತ್ತದೆ. ಸೀಮೆಸುಣ್ಣ ಅರ್ಧ ಸವೆಯುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಹೀಗೆ: ನ್ಯುಮೊನೊಅಲ್ಟ್ರಮೈಕ್ರೊಸ್ಕಾಪಿಕ್‌ಸಿಲಿಕೊವಾಲ್ಕೇನೊಕೋನಿಯೋಸಿಸ್. ಬರೆದ ಮೇಲೆ ತಿರುಗಿ ನಿಂತು, "ಯಾರು ಓದುತ್ತೀರಿ?" ಎಂದು ಕೇಳುವುದು. ಯಾರೂ ಓದುವುದಿಲ್ಲ. ಆಗ ನಾನು ಒಂದೇ ಉಸಿರಿನಲ್ಲಿ ಗಡಗಡನೆ ಓದಿಬಿಡುವುದು. ಹುಡುಗರು ಬೆರಗಾಗುವುದು. ಅಲ್ಲಿಗೆ ವರ್ಷಕ್ಕೆಲ್ಲ ಬೇಕಾದ ಗೌರವ ಸಂಪಾದನೆಯಾಯಿತೆಂದು ನಾನು ಹಾಜರಿ ಪುಸ್ತಕ ತೆರೆಯುವುದು. ಜಾತ್ರೆಯಲ್ಲಿ ಕತ್ತಿ ನುಂಗುವವನು ಮಾಡುವುದೂ ಇದನ್ನೇ. ಅವನಾದರೋ ನೋಡುತ್ತಿರುವವನನ್ನು ಕರೆದು "ನೀನೂ ನುಂಗು" ಎನ್ನುವುದಿಲ್ಲ.

ಈ ವರ್ಷ ನಾನು ಕರೆದೆ. ಮೂರನೆಯ ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಹುಡುಗನೊಬ್ಬನ ತುಟಿ ಅಲ್ಲಾಡುತ್ತಿದ್ದುದು ಕಣ್ಣಿಗೆ ಬಿತ್ತು. ಒಳಗೊಳಗೇ ಕೂಡಿಸಿಕೊಂಡು ಓದುತ್ತಿದ್ದನೆಂದು ತೋರುತ್ತದೆ. "ಏಳಪ್ಪಾ, ಗಟ್ಟಿಯಾಗಿ ಓದು" ಎಂದೆ. ಅವನು ಎದ್ದು ನಿಂತು, ಹಲಗೆಯ ಮೇಲೆ ಇದ್ದುದನ್ನು ಇದ್ದ ಹಾಗೆಯೇ, ಮೊದಲ ಅಕ್ಷರವಾದ 'ಪಿ'ಯನ್ನೂ ಬಿಡದೆ, "ಪ್‌ನೆಯು..." ಎಂದು ಆರಂಭಿಸಿದ. ತರಗತಿ ಗೊಳ್ಳೆಂದು ನಕ್ಕಿತು. ಅದೂ ಹೋಗಲಿ, ನಾನೂ ನಕ್ಕೆ. ಹುಡುಗ ಕುಳಿತುಕೊಂಡ. ಮಾರನೆಯ ದಿನ ಅವನ ಹಾಜರಿಯ ಎದುರಿಗೆ ಸೊನ್ನೆ ಬಿತ್ತು. ಹಾಗೆ ಎಂಟು ದಿನ ಸೊನ್ನೆಯೇ ಬಿತ್ತು.

ಐದನೆಯ ದಿನ ಅಧ್ಯಾಪಕರ ಕೊಠಡಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಕನ್ನಡ ಅಧ್ಯಾಪಕ ಮಿತ್ರರೊಬ್ಬರು ಅದೇ ಹುಡುಗನ ಮಾತೆತ್ತಿದರು. ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಆ ತರಗತಿಯಲ್ಲಿ ಅವನನ್ನು ಮೀರಿಸುವವರಿಲ್ಲವಂತೆ. ಪದ್ಯ ಹೇಳಿ ಮುಗಿಸುವುದರೊಳಗೆ ಗುರು ಲಘು ಹಾಕಿ, ಗಣ ಬಿಡಿಸಿ, ಮಾತ್ರೆ ಕೂಡಿಸಿ ಕೈಗೆ ಕೊಡುತ್ತಾನಂತೆ. ನನಗೆ ಕಾಫಿ ಗಂಟಲಲ್ಲಿ ನಿಂತಿತು. ಉಚ್ಚಾರಣೆಯನ್ನು ತುಂಡುಮಾಡಿ ತೂಗಿ ನೋಡುವ ವಿದ್ಯೆ ಯಾರಿಗೆ ಚೆನ್ನಾಗಿ ಬರುತ್ತದೆಯೋ ಅವನನ್ನೇ ನಾನು ಉಚ್ಚಾರಣೆಯ ಹೆಸರಿನಲ್ಲಿ ತರಗತಿಯಿಂದ ಓಡಿಸಿದ್ದೆ.

ಆ ದಿನದಿಂದ ನಾನು ಯೋಚಿಸಿದುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ಇಂಗ್ಲಿಷಿನ ಉದ್ದ ಪದಗಳು ನಮ್ಮ ಹುಡುಗರ ಬಾಯಲ್ಲಿ ಮುರಿಯುವುದಕ್ಕೆ ಅವರ ನಾಲಗೆ ಕಾರಣವಲ್ಲ. ಪದವನ್ನು ಎಲ್ಲಿ ಮುರಿಯಬೇಕು, ಮುರಿದ ಮೇಲೆ ಯಾವ ತುಂಡಿನ ಮೇಲೆ ಒತ್ತು ಹಾಕಬೇಕು ಎಂಬುದನ್ನು ನಾವು ಯಾರೂ ಅವರಿಗೆ ಹೇಳಿಕೊಟ್ಟೇ ಇಲ್ಲ. ಹೇಳಿಕೊಡಲು ಬೇಕಾದ ಸಾಮಗ್ರಿಯಲ್ಲಿ ಅರ್ಧ ಭಾಗ ಕನ್ನಡ ಛಂದಸ್ಸಿನಲ್ಲಿಯೇ ಸಿದ್ಧವಾಗಿದೆ.

ಕನ್ನಡದ ಮಗುವಿಗೆ ಅಕ್ಷರವೆಂದರೆ ಉಚ್ಚಾರಣೆಯೇ. ಬರೆದುದನ್ನು ಓದಿದರೆ ಸಾಕು, ಮಾತು ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಬರೆಹ ಒಂದು ದಾರಿ, ಬಾಯಿ ಒಂದು ದಾರಿ. ಅಲ್ಲಿನ ಮಕ್ಕಳು ಮಾತನ್ನು ಕಿವಿಯಿಂದ ಮೊದಲೇ ಕಲಿತಿರುತ್ತಾರೆ. ಬರೆಹ ಆಮೇಲೆ ಬರುವ ಗುರುತಿನ ಚೀಟಿ. ನಮ್ಮವರಿಗೆ ಮೊದಲು ಕೈಗೆ ಸಿಗುವುದು ಆ ಚೀಟಿ. ಚೀಟಿಯನ್ನು ನೋಡಿ ಮನುಷ್ಯನ ಧ್ವನಿಯನ್ನು ಊಹಿಸು ಎಂದರೆ ಯಾರು ಊಹಿಸಿಯಾರು? ಅಂಥ ಸ್ಥಿತಿಯಲ್ಲಿ ಬರೆದುದನ್ನೆಲ್ಲ ನಿಷ್ಠೆಯಿಂದ ಉಚ್ಚರಿಸಿದ ಹುಡುಗ ಮಾಡಿದುದು ಕನ್ನಡದ ಲೆಕ್ಕದಲ್ಲಿ ಸರಿಯಾದ ಕೆಲಸ. ಗ್ರೀಕರ ಲೆಕ್ಕದಲ್ಲಿಯೂ ಸರಿಯೇ. ಆ ಪದದ ತಲೆಯಲ್ಲಿರುವುದು ಶ್ವಾಸಕೋಶಕ್ಕೆ ಗ್ರೀಕರು ಇಟ್ಟ ಹೆಸರು. ಅವರು 'ಪ್' ಕಾರವನ್ನು ಅಂದೂ ಉಚ್ಚರಿಸುತ್ತಿದ್ದರು, ಇಂದೂ ಉಚ್ಚರಿಸುತ್ತಾರೆ. ಅದನ್ನು ನುಂಗಿದವರು ಇಂಗ್ಲಿಷರು. ಹಾಗಾದರೆ ನಾವು ನಕ್ಕುದು ಯಾರನ್ನು ನೋಡಿ?

ಇರಲಿ, ತುಂಡುಮಾಡುವ ವಿಷಯಕ್ಕೆ ಬರೋಣ. 'ಕನ್ನಡ' ಎಂಬ ಮಾತನ್ನೇ ತೆಗೆದುಕೊಳ್ಳಿ. ಬರೆಯುವಾಗ ಕ, ನ್ನ, ಡ ಎಂದು ಮೂರು ಅಕ್ಷರ. ಬಾಯಲ್ಲಿ ಹೇಳುವಾಗ ಕನ್, ನ, ಡ ಎಂದು ಮೂರು ತುಂಡು. ಬರೆಹದ ಗೆರೆ ಒಂದು ಕಡೆ, ಉಸಿರಿನ ಗೆರೆ ಇನ್ನೊಂದು ಕಡೆ. ನಮ್ಮ ಛಂದಸ್ಸಿನವರು ಇದನ್ನು ಚೆನ್ನಾಗಿ ಬಲ್ಲರು. ಆದುದರಿಂದಲೇ ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾದರೂ ಗುರುವಾಗುತ್ತದೆ ಎಂದು ಸೂತ್ರ ಹಾಕಿದರು. ಹತ್ತನೆಯ ಶತಮಾನದ ನಾಗವರ್ಮನ 'ಛಂದೋಂಬುಧಿ'ಯಿಂದ ಹಿಡಿದು ನಮ್ಮ ಪ್ರೌಢಶಾಲೆಯ ವ್ಯಾಕರಣದವರೆಗೆ ಈ ಪಾಠ ನಡೆದು ಬಂದಿದೆ. ಇಂಗ್ಲಿಷಿನವರು ಸಿಲಬಲ್ ಎನ್ನುವುದು ಈ ಉಸಿರಿನ ತುಂಡನ್ನೇ.

ಅವರಲ್ಲಿಯೂ ಬರೆಹದ ಗೆರೆಗೂ ಉಸಿರಿನ ಗೆರೆಗೂ ಜಗಳವಿಲ್ಲದೆ ಇಲ್ಲ. ನೋವಾ ವೆಬ್‌ಸ್ಟರ್ ಎಂಬ ಅಮೆರಿಕದ ಉಪಾಧ್ಯಾಯ ೧೭೮೩ರಲ್ಲಿ ಮಕ್ಕಳಿಗಾಗಿ ಒಂದು ಕಾಗುಣಿತದ ಪುಸ್ತಕ ಬರೆದ. ಅದುವರೆಗೆ 'ಹ್ಯಾಬಿಟ್' ಎಂಬುದನ್ನು ಹ್ಯಾ-ಬಿಟ್ ಎಂದು ಒಡೆಯುವುದು ವಾಡಿಕೆ. ಬಾಯಿ ಒಡೆಯುವ ಹಾಗೆ ಹ್ಯಾಬ್-ಇಟ್ ಎಂದೇ ಪುಸ್ತಕವೂ ಒಡೆಯಬೇಕೆಂದು ಅವನ ವಾದ. ಅಮೆರಿಕದ ನಿಘಂಟುಗಳು ಇಂದಿಗೂ ಹೆಚ್ಚುಕಡಮೆ ಅವನ ದಾರಿಯಲ್ಲಿವೆ; ಇಂಗ್ಲೆಂಡಿನ ಮುದ್ರಣಾಲಯದವರು ಪದದ ಹುಟ್ಟು ನೋಡಿ ಒಡೆಯುವುದೇ ಹೆಚ್ಚು. ಹೀಗಾಗಿ 'ನಾಲೆಜ್' ಎಂಬ ಒಂದೇ ಮಾತು ಸಾಲಿನ ಅಂಚಿನಲ್ಲಿ ಲಂಡನ್ನಿನಲ್ಲಿ ಒಂದು ಕಡೆ, ನ್ಯೂಯಾರ್ಕಿನಲ್ಲಿ ಇನ್ನೊಂದು ಕಡೆ ಮುರಿದುಕೊಳ್ಳುತ್ತದೆ. ನಿಘಂಟಿನಲ್ಲಿ ಪದದ ನಡುವೆ ಕಾಣುವ ಚುಕ್ಕೆಗಳು ಬಹುಮಟ್ಟಿಗೆ ಸಾಲಿನ ಕೊನೆಯಲ್ಲಿ ಪದ ಮುರಿಯುವವರಿಗಾಗಿ ಹಾಕಿದವು. ಉಚ್ಚಾರಣೆಗೆ ಅದರ ಪಕ್ಕದ ಆವರಣವನ್ನು ನೋಡಬೇಕು. ಈ ಸಣ್ಣ ಸಂಗತಿಯನ್ನು ನಾನು ಕಲಿತದ್ದು ಎಂ.ಎ. ಮುಗಿಸಿ ಎರಡು ವರ್ಷವಾದ ಮೇಲೆ!

ಇನ್ನು ಒತ್ತು. ನಾವು ಕನ್ನಡಿಗರು ಪ್ರತಿಯೊಂದು ಅಕ್ಷರಕ್ಕೂ ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವವರು. ಊಟದ ಪಂಕ್ತಿಯಲ್ಲಿ ಬಡಿಸಿದ ಹಾಗೆ. ಇಂಗ್ಲಿಷರು ಪದದಲ್ಲಿ ಒಬ್ಬನಿಗೆ ಮಣೆ ಹಾಕಿ ತುಪ್ಪ ಬಡಿಸಿ, ಉಳಿದವರನ್ನು ಬಾಗಿಲ ಬಳಿ ನಿಲ್ಲಿಸುತ್ತಾರೆ. ನಾವು ವೆ-ಜಿ-ಟೇ-ಬಲ್ ಎಂದು ನಾಲ್ವರಿಗೂ ಬಡಿಸಿದರೆ, ಅವರು ವೆಜ್-ಟ-ಬ್ಲ್ ಎಂದು ಒಬ್ಬನನ್ನು ಪೂರ್ತಿ ನುಂಗಿಯೇ ಬಿಡುತ್ತಾರೆ. ಒತ್ತು ಸರಿದರೆ ಪದದ ಒಡೆತವೂ ಸರಿಯುತ್ತದೆ. 'ಫೋಟೊಗ್ರಾಫ್' ಎನ್ನುವಾಗ ಒತ್ತು ಫೋ ಮೇಲೆ. 'ಫಟಾಗ್ರಫರ್' ಎನ್ನುವಾಗ ಟಾಗ್ ಮೇಲೆ. ಮೊದಲಿನ ಫೋ ಬಡವಾಗಿ ಫ ಆಯಿತು. 'ಫೋಟೊಗ್ರಾಫಿಕ್' ಎನ್ನುವಾಗ ಒತ್ತು ಗ್ರಾಫ್ ಮೇಲೆ ಜಾರಿತು. ಒಂದೇ ಮನೆಯ ಮೂವರು ಅಣ್ಣತಮ್ಮಂದಿರು, ಮೂವರ ನಡಿಗೆಯೂ ಬೇರೆ. ಇದು ಗೊತ್ತಿಲ್ಲದ ಹುಡುಗ ಮೂರನ್ನೂ ಒಂದೇ ರಾಗದಲ್ಲಿ ಹೇಳುತ್ತಾನೆ, ಕೇಳುವವನಿಗೆ ಅರ್ಥವಾಗುವುದಿಲ್ಲ, ಹುಡುಗ ತನ್ನ ಇಂಗ್ಲಿಷೇ ಸರಿಯಿಲ್ಲವೆಂದು ಬಾಯಿ ಮುಚ್ಚುತ್ತಾನೆ.

ಒತ್ತು ಎಲ್ಲಿ ಬೀಳುತ್ತದೆಂದು ತಿಳಿಯುವ ಉಪಾಯವಿಲ್ಲವೇ? ಇದೆ, ಗುರು ಲಘು ಬಲ್ಲವನಿಗೆ ಬಹಳ ಸುಲಭವಾಗಿಯೇ ಇದೆ. ಇದು ಮೂಲತಃ ಲ್ಯಾಟಿನ್ ಭಾಷೆಯ ನಿಯಮ. ಇಂಗ್ಲಿಷಿನ ಉದ್ದ ಪದಗಳಲ್ಲಿ ಬಹುಪಾಲು ಆ ಕಡೆಯಿಂದ ಬಂದವಾದ್ದರಿಂದ ಅವುಗಳ ಜೊತೆಗೆ ನಿಯಮವೂ ಬಂದಿದೆ. ಪದದ ಕೊನೆಯ ತುಂಡನ್ನು ಬಿಡಿ. ಅದರ ಹಿಂದಿನದು ಗುರುವಾಗಿದ್ದರೆ ಒತ್ತು ಅದಕ್ಕೆ. ಲಘುವಾಗಿದ್ದರೆ ಒತ್ತು ಇನ್ನೂ ಒಂದು ಮನೆ ಹಿಂದಕ್ಕೆ. 'ಅಜೆಂಡ'ದಲ್ಲಿ ಜೆನ್ ಗುರು, ಒತ್ತು ಅಲ್ಲಿಯೇ. 'ಪೊಟೇಟೊ'ದಲ್ಲಿ ಟೇ ಗುರು, ಒತ್ತು ಅಲ್ಲಿಯೇ. 'ಸಿನಿಮಾ'ದಲ್ಲಿ ನಿ ಲಘು, ಆದ್ದರಿಂದ ಒತ್ತು ಸಿ ಮೇಲೆ. 'ಅಮೆರಿಕ'ದಲ್ಲಿ ರಿ ಲಘು, ಒತ್ತು ಮೆ ಮೇಲೆ. 'ಯುನಿವರ್ಸಿಟಿ'ಯಲ್ಲಿ ಸಿ ಲಘು, ಒತ್ತು ವರ್ ಮೇಲೆ. 'ರೆಸ್ಪಾನ್ಸಿಬಿಲಿಟಿ' ಎಂದು ಹೆದರಿಸುವ ಪದದಲ್ಲಿಯೂ ಲಿ ಲಘು, ಒತ್ತು ಅದರ ಹಿಂದಿನ ಬಿ ಮೇಲೆ. ಅಪವಾದಗಳು ಇಲ್ಲವೆಂದಲ್ಲ. 'ಕ್ಯಾಲೆಂಡರ್', 'ಇಂಡಸ್ಟ್ರಿ' ಈ ನಿಯಮವನ್ನು ಮುರಿದು ಮೊದಲ ತುಂಡನ್ನೇ ಒತ್ತುತ್ತವೆ. 'ಇಕ್' ಎಂದು ಕೊನೆಗೊಳ್ಳುವ ಪದಗಳು ಲಘು ಗುರು ನೋಡದೆ ಅದರ ಹಿಂದಿನ ತುಂಡಿಗೇ ಒತ್ತು ಕೊಡುತ್ತವೆ. 'ಮೆಂಟ್' ಎಂಬ ಬಾಲ ಸೇರಿದರೆ ಒತ್ತು ಇದ್ದಲ್ಲಿಯೇ ಇರುತ್ತದೆ. 'ಪಾಲಿಟಿಕ್ಸ್' ಮಾತ್ರ ಇಕ್‌ನ ನಿಯಮಕ್ಕೂ ಬಗ್ಗುವುದಿಲ್ಲ. ಅದರಿಂದ ನಿಯಮಪಾಲನೆಯನ್ನು ನಿರೀಕ್ಷಿಸಿದುದು ನಮ್ಮ ತಪ್ಪು. ಎರಡೇ ತುಂಡಿನ ಪದಗಳ ಸಂಸಾರ ಬೇರೆ. ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಗುರುವೂ ಒತ್ತೂ ಒಂದೇ ಎಂದು ನಾನು ಹೇಳುತ್ತಿಲ್ಲ. ಗುರು ಎಂಬುದು ಕಾಲದ ಅಳತೆ, ಒತ್ತು ಎಂಬುದು ಬಲದ ಅಳತೆ. ಆದರೆ ಒಂದನ್ನು ಬಲ್ಲವನಿಗೆ ಇನ್ನೊಂದರ ಮನೆಯ ದಾರಿ ಗೊತ್ತು. ಬಿ.ಎಂ.ಶ್ರೀ. ಅವರು 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿ ಒತ್ತಿನ ಪದ್ಯಗಳನ್ನು ಮಾತ್ರೆಯ ಗಣಗಳಿಗೆ ಕೂಡಿಸಿದಾಗ ಈ ದಾರಿಯಲ್ಲೇ ನಡೆದುಹೋದರು, ಆ ಕೊನೆಯಿಂದ ಈ ಕೊನೆಗೆ. ನಾವು ಈ ಕೊನೆಯಿಂದ ಆ ಕೊನೆಗೆ ಹೋಗಬೇಕು, ಅಷ್ಟೆ.

ಒಂಬತ್ತನೆಯ ದಿನ ಹುಡುಗ ಬಂದ. ತರಗತಿ ಮುಗಿದ ಮೇಲೆ ಅವನನ್ನು ಕೊಠಡಿಗೆ ಕರೆದೆ. ಬಾಗಿಲ ಬಳಿ ನಿಂತ.

"ಬಾಪ್ಪ, ಕೂತ್ಕೋ. ಅವತ್ತು ನಾನು ನಕ್ಕಿದ್ದು ತಪ್ಪು" ಎಂದೆ.

"ಪರವಾಗಿಲ್ಲ ಸಾರ್. ಊರಲ್ಲಿ ಹುರುಳಿ ಕೊಯ್ಲಿತ್ತು" ಎಂದ. ಜೂನ್ ಜುಲೈನಲ್ಲಿ ಹುರುಳಿ ಕೊಯ್ಯುವ ಊರು ಯಾವುದೆಂದು ನಾನು ಕೇಳಲಿಲ್ಲ. ನನ್ನ ಮರ್ಯಾದೆ ಉಳಿಸಲು ಅವನು ಹೇಳಿದ ಸುಳ್ಳು ಅದು.

ಒಂದು ಬಿಳಿ ಹಾಳೆ ಕೊಟ್ಟು, ಆ ಪದವನ್ನು ಇಂಗ್ಲಿಷಿನಲ್ಲಿ ಬರೆದು, "ಇದಕ್ಕೆ ಪ್ರಸ್ತಾರ ಹಾಕೋಣ ಬಾ. ಮೊದಲನೆಯ ಪಿ ಮೌನ, ಉಳಿದದ್ದನ್ನು ನಾನು ಹೇಳುತ್ತೇನೆ, ನೀನು ಮುರಿ" ಎಂದೆ. ನಾನು ನಿಧಾನವಾಗಿ ಹೇಳುತ್ತ ಹೋದ ಹಾಗೆ ಅವನು ಗೆರೆ ಹಾಕುತ್ತ ಹೋದ. ನ್ಯು-ಮೊ-ನೊ. ಅಲ್-ಟ್ರ. ಮೈ-ಕ್ರೊ-ಸ್ಕಾಪ್-ಇಕ್. ಸಿಲ್-ಇ-ಕೊ. ವಾಲ್-ಕೇ-ನೊ. ಕೋ-ನಿ-ಓ-ಸಿಸ್. ಎಣಿಸಿದರೆ ಹತ್ತೊಂಬತ್ತು ತುಂಡು, ಆರು ಗಣ. ಒತ್ತು ಹಾಕುವ ಸೂತ್ರವನ್ನು ಎರಡು ಮಾತಿನಲ್ಲಿ ಹೇಳಿದೆ. ಸಿಲಿಕೊ ಎಂಬಲ್ಲಿ ನಡುವಿನದು ಲಘು, ಆದ್ದರಿಂದ ಒತ್ತು ಸಿಲ್ ಮೇಲೆ ಎಂದು ತಾನೇ ಗುರುತು ಹಾಕಿದ. ವಾಲ್ಕೇನೊ ಎಂಬಲ್ಲಿ ಕೇ ಗುರು, ಒತ್ತು ಅಲ್ಲಿ. ಮೈಕ್ರೊಸ್ಕಾಪಿಕ್‌ಗೆ ಇಕ್‌ನ ನಿಯಮ, ಒತ್ತು ಸ್ಕಾಪ್ ಮೇಲೆ. ಕಡೆಯ ಗಣದಲ್ಲಿ ಓ ಗುರು. ಇಡೀ ಪದದ ದೊಡ್ಡ ಒತ್ತು ಬೀಳುವುದು ಅದರ ಮೇಲೆಯೇ. ಐದು ನಿಮಿಷದಲ್ಲಿ ಅವನು ಪದವನ್ನು ಎಡವದೆ ಓದಿದ. ನಾನು ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಲು ಎರಡು ದಿನ ತೆಗೆದುಕೊಂಡಿದ್ದೆ.

"ಅರ್ಥ ಏನು ಸಾರ್?" ಎಂದ.

ಅರ್ಥವನ್ನೂ ಗಣಗಣವಾಗಿಯೇ ಬಿಡಿಸಿದೆ. ಮೊದಲನೆಯದು ಗ್ರೀಕ್, ಶ್ವಾಸಕೋಶ. ಎರಡನೆಯದು ಲ್ಯಾಟಿನ್, ಆಚೆಗಿನ ಎಂದು. ಮೂರನೆಯದು ಸೂಕ್ಷ್ಮದರ್ಶಕಕ್ಕೆ ಸಂಬಂಧಪಟ್ಟದ್ದು. ಎರಡೂ ಸೇರಿ, ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದು ಎಂದಾಯಿತು. ನಾಲ್ಕನೆಯದರ ಮೂಲ ಲ್ಯಾಟಿನ್ನಿನಲ್ಲಿ ಚಕಮಕಿ ಕಲ್ಲಿನ ಹೆಸರು. ಐದನೆಯದು ರೋಮನರ ಅಗ್ನಿದೇವತೆ ವಲ್ಕನ್ನನಿಂದ ಬಂದ ಜ್ವಾಲಾಮುಖಿ. ಆರನೆಯದರಲ್ಲಿ ಕೋನಿ ಎಂದರೆ ಗ್ರೀಕಿನಲ್ಲಿ ಧೂಳು, ಓಸಿಸ್ ಎಂದರೆ ರೋಗದ ಸ್ಥಿತಿ. ಗ್ರೀಕು ಲ್ಯಾಟಿನ್ನುಗಳನ್ನು ಹೀಗೆ ಬೆರಸಿ ಹೊಲೆದುದನ್ನು ನೋಡಿದರೆ ನಮ್ಮ ಕೇಶಿರಾಜ ಅರಿಸಮಾಸವೆಂದು ಹುಬ್ಬುಗಂಟಿಕ್ಕುತ್ತಿದ್ದ.

ಹುಡುಗ ನಾಲ್ಕನೆಯ ಗಣದ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದ.

"ಸಾರ್, ಈ ತುಂಡು ನಮ್ಮ ತಾತನ ಚೀಟೀಲೂ ಇತ್ತು" ಎಂದ.

ಅವನ ತಾತ ಬಂಡೆ ಕೆಲಸದವರು. ಕ್ವಾರಿಗಳಲ್ಲಿ ಕುಳಿ ಹೊಡೆಯುವುದು, ಆಮೇಲೆ ಮೆಷಿನ್ನು ಹಿಡಿದು ಕೊರೆಯುವುದು, ಹೀಗೆ ಇಪ್ಪತ್ತೈದು ವರ್ಷ. ಕೊನೆಯ ನಾಲ್ಕು ವರ್ಷ ಕೆಮ್ಮು, ಉಬ್ಬಸ. ಹತ್ತು ಹೆಜ್ಜೆ ನಡೆದರೆ ಕುಳಿತುಕೊಳ್ಳಬೇಕು. ಊರಿನಲ್ಲಿ ಎಲ್ಲರೂ ಟಿ.ಬಿ. ಎಂದರು, ಮನೆಯವರೂ ಹಾಗೆಂದೇ ನಂಬಿದರು. ಒಮ್ಮೆ ದೂರದ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದಾಗ ಎದೆಯ ಚಿತ್ರ ತೆಗೆದು ಒಂದು ಚೀಟಿ ಬರೆದುಕೊಟ್ಟರಂತೆ. ಅದರಲ್ಲಿ ಒಂದು ಇಂಗ್ಲಿಷ್ ಪದ. ಓದಲು ಮನೆಯಲ್ಲಿ ಯಾರಿಗೂ ಬರಲಿಲ್ಲ. ಏಳನೆಯ ತರಗತಿಯಲ್ಲಿದ್ದ ಇವನ ಕೈಗೆ ಕೊಟ್ಟು, "ನೀನು ಓದ್ತೀಯಲ್ಲ, ಹೇಳೋ" ಎಂದರಂತೆ ತಾತ. ಇವನು ಒಂದೊಂದೇ ಅಕ್ಷರ ಕೂಡಿಸಿ ಪ್ರಯತ್ನಿಸಿದ, ಬಾಯಿಗೆ ಬರಲಿಲ್ಲ. "ಗೊತ್ತಾಗಲ್ಲ ತಾತ" ಎಂದು ಹಿಂದಕ್ಕೆ ಕೊಟ್ಟ. ಚೀಟಿ ರೇಷನ್ ಕಾರ್ಡಿನ ಜೊತೆ ಡಬ್ಬದೊಳಕ್ಕೆ ಹೋಯಿತು. ತಾತ ಮುಂದಿನ ವರ್ಷ ತೀರಿಕೊಂಡರು.

ಮುಂದಿನ ಸೋಮವಾರ ಊರಿನಿಂದ ಬರುವಾಗ ಚೀಟಿಯನ್ನು ತಂದಿದ್ದ. ಮಡಿಕೆ ಹರಿದಿತ್ತು. ಪದ ಸ್ಪಷ್ಟವಾಗಿತ್ತು. ಅವನೇ ಓದಿದ: ಸಿ-ಲಿ-ಕೋ-ಸಿಸ್, ಕೋ ಗುರು, ಒತ್ತು ಕೋ ಮೇಲೆ. ನಾಲ್ಕೇ ತುಂಡು.

ಕಲ್ಲಿನ ಧೂಳಿನಲ್ಲಿರುವ ಸಿಲಿಕಾದ ಅತಿ ಸಣ್ಣ ಕಣಗಳು ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ನೆಲೆಸಿ ಗಾಯದ ಗಂಟುಗಳನ್ನು ಕಟ್ಟುತ್ತವೆ. ಅದೇ ಸಿಲಿಕೋಸಿಸ್. ಗುಣವಾಗುವುದಿಲ್ಲ. ಬಂದವನಿಗೆ ಕ್ಷಯವೂ ಬೇಗ ತಗಲುತ್ತದೆ, ಆದ್ದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಸಾಮಾನ್ಯ. ಆದರೆ ಕಾನೂನಿನ ಕಣ್ಣಿಗೆ ಎರಡೂ ಒಂದಲ್ಲ. ೧೯೨೩ರ ಕೆಲಸಗಾರರ ಪರಿಹಾರ ಕಾಯಿದೆಯ ಅನುಸೂಚಿಯಲ್ಲಿ ಸಿಲಿಕೋಸಿಸ್ ಕೆಲಸದಿಂದ ಬಂದ ರೋಗವೆಂದು ಹೆಸರಿಸಲ್ಪಟ್ಟಿತ್ತು. ೧೯೪೮ರ ಕಾರ್ಖಾನೆಗಳ ಕಾಯಿದೆ ಅದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಟಿ.ಬಿ. ಎಂದರೆ ಹಣೆಬರಹ, ಸಿಲಿಕೋಸಿಸ್ ಎಂದರೆ ಕೇಳಬಹುದಾದ ಹಕ್ಕು. ಹಕ್ಕು ಸಿಗುತ್ತಿತ್ತೋ ಇಲ್ಲವೋ ಅದು ಬೇರೆ ಮಾತು. ಪದ ಬಾಯಿಗೆ ಬಾರದೆ ಕೇಳುವುದಾದರೂ ಹೇಗೆ?

ಈ ರೋಗ ನಮ್ಮ ನಾಡಿಗೆ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದುದು ಕೋಲಾರದ ಚಿನ್ನದ ಗಣಿಗಳಿಂದ. ಮೈಸೂರು ಸರಕಾರ ೧೯೪೦ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. ಆ ಗಣಿಗಳು ೨೦೦೧ರಲ್ಲಿ ಮುಚ್ಚಿದವು; ಕ್ವಾರಿಗಳೂ ಕ್ರಷರುಗಳೂ ಮುಚ್ಚಿಲ್ಲ. ಮಧ್ಯಪ್ರದೇಶದ ಮಂದಸೌರಿನಲ್ಲಿ ಈ ರೋಗ ಹಿಡಿದುದು ಯಾರಿಗೆ ಗೊತ್ತೇ? ಮಕ್ಕಳು ಅ ಆ ಇ ಈ ತಿದ್ದುವ ಬಳಪದ ಕಡ್ಡಿಗಳನ್ನು ಕೊಯ್ಯುವ ಕೂಲಿಗಳಿಗೆ.

ಇನ್ನು ಆ ೪೫ ಅಕ್ಷರದ ಪದ ಹುಟ್ಟಿದ ಕಥೆ. ಅದು ವೈದ್ಯರು ಇಟ್ಟ ಹೆಸರೆಂದು ನಾನು ಬಹುಕಾಲ ನಂಬಿದ್ದೆ. ಹಾಗಲ್ಲ. ೧೯೩೫ರಲ್ಲಿ ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್ ಎಂಬ ಪದಬಂಧಪ್ರಿಯರ ಸಂಘ ನ್ಯೂಯಾರ್ಕಿನಲ್ಲಿ ಸೇರಿದಾಗ ಅದರ ಅಧ್ಯಕ್ಷ ಎವರೆಟ್ ಸ್ಮಿತ್ ಎಂಬಾತ ಇದನ್ನು ಇಂಗ್ಲಿಷಿನ ಅತಿ ಉದ್ದ ಪದವೆಂದು ಮುಂದಿಟ್ಟ. ಆ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆ ಅಚ್ಚು ಹಾಕಿತು. ಕ್ರಮೇಣ ನಿಘಂಟುಗಳಿಗೂ ನುಗ್ಗಿತು. ಮೊದಲ ಗಣವನ್ನೂ ಕೊನೆಯ ಗಣವನ್ನೂ ಕೂಡಿಸಿದರೆ ಸಿಗುವ 'ನ್ಯುಮೊನೊಕೋನಿಯೋಸಿಸ್' ಎಂಬುದು ಮಾತ್ರ ನಿಜವಾದ ವೈದ್ಯಪದ. ಜರ್ಮನಿಯ ಜೆಂಕರ್ ಎಂಬ ವೈದ್ಯ ೧೮೬೬ರ ಸುಮಾರಿಗೆ ಧೂಳಿನ ರೋಗಗಳಿಗೆ ಇಟ್ಟ ಹೆಸರು. ನಡುವೆ ಇರುವುದೆಲ್ಲ ಹೊಟ್ಟೆ ಸೀಳಿ ತುರುಕಿದ ಹತ್ತಿ. ಜ್ವಾಲಾಮುಖಿಯಂತೂ ಬರಿಯ ಅಲಂಕಾರ.

ಆ ಕಾಲದಲ್ಲಿ ಅಮೆರಿಕದವರಿಗೆ ಸಿಲಿಕಾ ಧೂಳು ತಮಾಷೆಯ ವಸ್ತುವಾಗಿರಬೇಕಾಗಿರಲಿಲ್ಲ. ೧೯೩೦ರಲ್ಲಿ ವೆಸ್ಟ್ ವರ್ಜಿನಿಯಾದ ಹಾಕ್ಸ್ ನೆಸ್ಟ್ ಎಂಬಲ್ಲಿ ಬೆಟ್ಟದೊಳಗೆ ಸುರಂಗ ಕೊರೆಯಲು ತೊಡಗಿದರು. ಕೂಲಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ನೂರಾರು ಮಂದಿ ಸಿಲಿಕೋಸಿಸ್ ತಗಲಿ ಸತ್ತರು. ೧೯೩೬ರಲ್ಲಿ ಅಮೆರಿಕದ ಕಾಂಗ್ರೆಸ್ಸು ವಿಚಾರಣೆ ನಡೆಸಿತು. ನನ್ನ ಪದವನ್ನು ಸಂಘದವರು ಚಪ್ಪಾಳೆ ತಟ್ಟಿ ಮೆರೆಸಿದುದು ಆ ವಿಚಾರಣೆಯ ಹಿಂದಿನ ವರ್ಷ. ಅವರನ್ನು ಆಕ್ಷೇಪಿಸಲು ನನಗೆ ಬಾಯಿಲ್ಲ. ನಾನೂ ಅದೇ ಚಪ್ಪಾಳೆಗಾಗಿ ಹಲಗೆಯ ಮೇಲೆ ಬರೆಯುತ್ತಿದ್ದವನು.

ಉದ್ದ ಪದಗಳ ಮೇಲೆ ನನಗೆ ದ್ವೇಷವಿಲ್ಲವೆಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಉದ್ದದಲ್ಲಿ ನಾವೇನೂ ಇಂಗ್ಲಿಷರಿಗೆ ಸೋತವರಲ್ಲ. ವಿಜಯನಗರದಲ್ಲಿ ಅಚ್ಯುತರಾಯನ ಆಸ್ಥಾನದಲ್ಲಿದ್ದ ತಿರುಮಲಾಂಬೆ ಬರೆದ 'ವರದಾಂಬಿಕಾ ಪರಿಣಯ ಚಂಪು'ವಿನಲ್ಲಿ ೧೯೫ ಅಕ್ಷರಗಳ ಒಂದೇ ಸಂಸ್ಕೃತ ಸಮಾಸವಿದೆ. ಗಿನ್ನೆಸ್ ದಾಖಲೆಯ ಪುಸ್ತಕದವರೂ ತಲೆಬಾಗಿದ್ದಾರೆ. ಅದರಲ್ಲಿರುವುದು ಕಂಚಿಯ ಸುತ್ತಲಿನ ಸೀಮೆಯ ವರ್ಣನೆ. ಬಿಡಿಸಲು ಬಲ್ಲವನಿಗೆ ಅದು ಒಂದು ಪ್ರವಾಸ, ಬಾರದವನಿಗೆ ಗೋಡೆ.

ಕೆಲವರು ಕೇಳಬಹುದು: ಇಂಗ್ಲಿಷರು ಹೋಗಿ ಇಷ್ಟು ವರ್ಷವಾದ ಮೇಲೂ ಅವರ ಒತ್ತಿನ ಗೊಡವೆ ನಮಗೇಕೆ? ನಮ್ಮ ಬಾಯಿಗೆ ಬಂದ ಹಾಗೆ ಹೇಳಿದರಾಗದೆ? ಬಸ್ಸು, ಲಾಂದ್ರ, ಇಸ್ಕೂಲುಗಳನ್ನು ನಾವು ನಮ್ಮ ನಾಲಗೆಗೆ ಒಗ್ಗಿಸಿಕೊಂಡಿಲ್ಲವೇ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಲಂಡನ್ನಿನ ರಾಗವನ್ನು ಅನುಕರಿಸುವವನು ನನಗೂ ಬೇಡ. ಮೂಗಿನಿಂದ ಮಾತಾಡಿದರೆ ಇಂಗ್ಲಿಷಾಗುತ್ತದೆಂದು ನಂಬಿದವರನ್ನು ನಾನೂ ಕಂಡಿದ್ದೇನೆ. ಕನ್ನಡದ ಟಕಾರ ಡಕಾರಗಳಿಂದ ಯಾವ ಇಂಗ್ಲಿಷಿಗೂ ನಷ್ಟವಿಲ್ಲ. ಆದರೆ ಒತ್ತು ತಪ್ಪಿದರೆ ಕೇಳುವವನಿಗೆ ಪದವೇ ಸಿಗುವುದಿಲ್ಲ. ಅವನು ಲಂಡನ್ನಿನವನೇ ಆಗಬೇಕಿಲ್ಲ. ಬೆಂಗಳೂರಿನ ಕಚೇರಿಯಲ್ಲಿ ಸಂದರ್ಶನಕ್ಕೆ ಕುಳಿತವನಾದರೂ 'ಏನು?' ಎಂದು ಎರಡು ಸಲ ಕೇಳುತ್ತಾನೆ. ಮೂರನೆಯ ಸಲ ನಮ್ಮ ಹುಡುಗ ಬಾಯಿ ತೆರೆಯುವುದಿಲ್ಲ.

ಇನ್ನು ಕೆಲವರು, ಇದೆಲ್ಲ ಕಾನ್ವೆಂಟಿನಲ್ಲಿ ಕಲಿತು ಬರಬೇಕಾದುದು, ಕಾಲೇಜಿಗೆ ಬಂದ ಮೇಲೆ ಕಾಲ ಮೀರಿತು ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಸರಕಾರಿ ಕಾಲೇಜಿಗೆ ಬರುವವರು ಮನೆಯಲ್ಲಿ ಮೊದಲ ಸಲ ಚೀಟಿ ಓದುವವರು. ಐದು ನಿಮಿಷದಲ್ಲಿ ಒಬ್ಬನಿಗೆ ಬಂದದ್ದು ವಾರಕ್ಕೆ ಹದಿನೈದು ನಿಮಿಷದಂತೆ ಒಂದು ವರ್ಷದಲ್ಲಿ ನಲವತ್ತು ಮಂದಿಗೆ ಬಾರದೆ ಇರುವುದೇ? ಪಠ್ಯದಲ್ಲಿ ಇದಕ್ಕೆ ಸ್ಥಳವಿಲ್ಲ, ಅಂಕವೂ ಇಲ್ಲ. ಅಂಕ ಇಡುವುದೂ ಬೇಡ. ಇಟ್ಟ ಕೂಡಲೆ ಗೈಡು ಬರುತ್ತದೆ. ಕನ್ನಡ ವಿಭಾಗದವರು ಛಂದಸ್ಸು ಹೇಳಿಕೊಡುವ ವಾರವೇ ನಾನು ಅದೇ ತರಗತಿಯಲ್ಲಿ ಇಂಗ್ಲಿಷ್ ಪದಗಳಿಗೆ ಗುರು ಲಘು ಹಾಕಿಸಬೇಕೆಂದು ನಾವಿಬ್ಬರೂ ಮಾತನಾಡಿಕೊಂಡಿದ್ದೇವೆ. ಹಲಗೆಯ ಮೇಲೆ ಬರೆಯುವ ಪದಗಳನ್ನೂ ಬದಲಾಯಿಸಿದ್ದೇನೆ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ನಮೂನೆ, ನ್ಯಾಯಾಲಯದ ನೋಟೀಸು, ಇವುಗಳಲ್ಲಿ ಬರುವ ಉದ್ದ ಪದಗಳನ್ನು ಹುಡುಗರೇ ಮನೆಯಿಂದ ಬರೆದು ತರುತ್ತಾರೆ. ಕಳೆದ ವಾರ 'ಹೈಪಾತಿಕೇಶನ್' ಬಂತು. ಒಬ್ಬಳು ವಿದ್ಯಾರ್ಥಿನಿಯ ತಂದೆ ಅದಕ್ಕೆ ಹೆಬ್ಬೆಟ್ಟು ಒತ್ತಿ ಎರಡು ವರ್ಷವಾಗಿತ್ತಂತೆ.

ಪ್ರಿನ್ಸಿಪಾಲರಲ್ಲಿ ಒಂದು ವಿಜ್ಞಾಪನೆ ಇದೆ. ಇದನ್ನು ಅರ್ಜಿಯ ಮೂಲಕ ಎರಡು ಸಲ ಸಲ್ಲಿಸಿ ಆಗಿರುವುದರಿಂದ ಈಗ ಅಚ್ಚಿನ ಮೂಲಕ ಸಲ್ಲಿಸುತ್ತೇನೆ. ಡೇನಿಯಲ್ ಜೋನ್ಸ್ ಎಂಬ ವಿದ್ವಾಂಸ ೧೯೧೭ರಲ್ಲಿ ಮೊದಲು ಪ್ರಕಟಿಸಿದ ಇಂಗ್ಲಿಷ್ ಉಚ್ಚಾರಣೆಯ ನಿಘಂಟು ಆಮೇಲೆ ಅನೇಕ ಸಲ ಪರಿಷ್ಕೃತವಾಗಿ ಅಚ್ಚಾಗಿದೆ. ನಮ್ಮ ಗ್ರಂಥಾಲಯದಲ್ಲಿ ಅದರ ಒಂದೇ ಪ್ರತಿ ಇದೆ. ಬೀರುವಿನ ಕೆಳಗಿನ ಅರೆಯಲ್ಲಿ ಗೆದ್ದಲು ಹಿಡಿದು, 'ಪಿ'ಯಿಂದ 'ಎಸ್'ವರೆಗಿನ ಹಾಳೆಗಳು ಹೋಗಿವೆ. ಆ ಹುಡುಗ ಮೊನ್ನೆ ಸಿಲಿಕೋಸಿಸ್ ಹುಡುಕಲು ಹೋಗಿ ಬರಿಗೈಯಲ್ಲಿ ಬಂದ. ಬರುವ ಜೂನಿನೊಳಗಾಗಿ ಎರಡು ಹೊಸ ಪ್ರತಿಗಳನ್ನು ತರಿಸಿ, ಬೀಗ ಹಾಕದ ಮೇಜಿನ ಮೇಲೆ ಇಡಿಸಿಕೊಡಬೇಕು.